ಕಟ್ಟೆ ತೊಳೆಯುವ ಹೊತ್ತು

ಆ ದಿನವೂ ಬೆಳಗು ಎಂದಿನ ಹಾಗೆ ನಮ್ಮ ಅಡುಗೆಮನೆಗೆ ಮೇಲಿನಿಂದಲೇ ಇಳಿದು ಬಂತು. ಚಾವಣಿಯಲ್ಲಿ ಒಂದು ಬೆಳಕಿಂಡಿ ಇದೆ, ಗಾಜು ಹಾಕಿದ್ದು. ಅದರೊಳಗಿಂದ ರೊಟ್ಟಿಯಷ್ಟಗಲದ ಬಿಸಿಲು ಮೊದಲು ಮೇಲಿನ ಮಾಡದ ಹಿತ್ತಾಳೆ ಡಬ್ಬಿಗಳ ಮೇಲೆ ಬೀಳುತ್ತದೆ. ಆಮೇಲೆ ಅವಸರವಿಲ್ಲದೆ ಗೋಡೆಯಗುಂಟ ಇಳಿದು ಗ್ಯಾಸ್ ಸಿಲಿಂಡರಿನ ಹೆಗಲಿಗೆ ಬರುತ್ತದೆ. ಅಷ್ಟೊತ್ತಿಗೆ ನಮ್ಮವರ ಊಟದ ಡಬ್ಬಿ ತುಂಬಿರಬೇಕು. ಗಡಿಯಾರ ನೋಡುವ ಚಟ ನನಗೆ ಈ ಮನೆಗೆ ಬಂದಮೇಲೆ ಬಿಟ್ಟುಹೋಗಿದೆ. ಮೋಡ ಮುಸುಕಿದ ದಿನ ಮಾತ್ರ ನಮ್ಮವರು ಬೈಲಹೊಂಗಲದ ಮಾರುಕಟ್ಟೆಯ ಅಂಗಡಿಗೆ ತಡವಾಗಿ ಹೋಗುತ್ತಾರೆ.

"ಇವತ್ತಲ್ಲ, ಪಲ್ಲವಿ ಕಾಲೇಜ ಹುಡುಗುರನ್ನ ಕರಕೊಂಡ ಬರೂದು?" ಎಂದರು, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ.

"ಹೌದ್ರಿ. ಮಧ್ಯಾಹ್ನಕ್ಕ."

"ಎಲ್ಲಾ ಛಂದಂಗ ತೋರಸು. ಆದ್ರ ಗೋಡಿಗಿ ಗಿಲಾವು ಯಾಕ ಮಾಡಿಸಿಲ್ಲ ಅಂತ ಯಾರರೆ ಕೇಳಿದ್ರ, ನನ್ನ ಹೆಸರ ಹೇಳಬ್ಯಾಡ. ಮಾಮಿ-ಸೊಸಿ ಕೂಡಿ ಮಾಡಿದ್ದು ಅನ್ನು."

ಅವರು ಹೋದ ಮೇಲೆ ನಾನು ಕಸ ಹೊಡೆದೆ, ಹೊಸ್ತಿಲಿಗೆ ರಂಗೋಲಿ ಎಳೆದೆ, ಹಾಲು ಉಕ್ಕುವ ಮೊದಲೇ ಒಲೆ ಆರಿಸಿದೆ. ಎಲ್ಲವೂ ದಿನದ ಹಾಗೆಯೇ. ಆದರೆ ಬಾಗಿಲ ಹಿಂದೆ ಗೂಟಕ್ಕೆ ಸುತ್ತಿಟ್ಟ ಹಸಿರು ನೀರಿನ ಪೈಪು ಕಂಡ ಕೂಡಲೇ ಅದರ ಮುಂದೆ ನಿಂತುಬಿಟ್ಟೆ. ಮನೆಯಲ್ಲಿ ಒಂದು ಪೈಪು ಇದ್ದರೆ ಯಾರಾದರೂ ಏನಾದರೂ ಅನ್ನುತ್ತಾರೆಯೇ? ಗಿಡಕ್ಕೆ ನೀರು ಹಾಕುತ್ತಾರೆ ಎಂದುಕೊಳ್ಳುತ್ತಾರೆ, ಅಷ್ಟೇ. ಆದರೂ ಅದನ್ನು ಬಿಚ್ಚಿ, ಮುದುರಿ, ಮಂಚದ ಕೆಳಗೆ ತಳ್ಳಿ, ಮೇಲಿನಿಂದ ಚಾದರದ ಅಂಚು ಇಳಿಬಿಟ್ಟೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಆ ಪೈಕಿ ನಾನು.

ಪೈಪಿನ ವಿಷಯ ಹೇಳಬೇಕಾದರೆ ಮೊದಲು ಮನೆಯ ವಿಷಯ ಹೇಳಬೇಕು.

ಪಲ್ಲವಿ ನಮ್ಮವರ ಅಕ್ಕನ ಮಗಳು. ಮನೆ ಕಟ್ಟುವ ವಿದ್ಯೆ ಕಲಿತು, ಅದನ್ನೇ ಧಾರವಾಡದ ಕಡೆ ಒಂದು ಕಾಲೇಜಿನಲ್ಲಿ ಕಲಿಸುತ್ತಾಳೆ. ನಾವು ಊರ ಹೊರಗಿನ ಹೊಸ ಬಡಾವಣೆಯಲ್ಲಿ ಜಾಗ ತೆಗೆದುಕೊಂಡಾಗ ತಾನೇ ನಕ್ಷೆ ಹಾಕುತ್ತೇನೆಂದು ಹಟ ಹಿಡಿದಳು. ಜಾಗ ಎರೆಮಣ್ಣಿನದು, ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ, ಮೇಲಿದ್ದವರನ್ನು ನೆಮ್ಮದಿಯಾಗಿ ಇರಗೊಡುವುದಿಲ್ಲ. ಅದಕ್ಕೆ ತಕ್ಕ ಆಳದ ಬುನಾದಿ ಹಾಕಿಸಿದಳು. ದೇಗಾಂವದ ಕಡೆಯಿಂದ ಕೆಂಪುಮಣ್ಣು ತರಿಸಿ, ಅಚ್ಚಿನಲ್ಲಿ ಒತ್ತಿಸಿ, ಸುಡದೆ ಬಿಸಿಲಿಗೆ ಒಣಗಿಸಿದ ಇಟ್ಟಂಗಿ ಮಾಡಿಸಿದಳು. ಛತ್ತಿನ ಮೇಲೆ ಬಿದ್ದ ಮಳೆಯ ನೀರು ನೆಲದ ಕೆಳಗಿನ ಟಾಕಿಗೆ ಇಳಿಯುವಂತೆ ಮಾಡಿದಳು. ಗೋಡೆಗಳಲ್ಲಿ ಅಲ್ಲಲ್ಲಿ ಇಟ್ಟಂಗಿ ಬಿಟ್ಟು ಜಾಲಂದ್ರ ಮಾಡಿದಳು, ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗಲಿ ಎಂದು. "ಮಾಮಿ, ಈ ಮನಿ ಉಸರಾಡತೈತಿ" ಎಂದಳು. ಮನೆ ಉಸಿರಾಡಿದರೆ ಒಳ್ಳೆಯದೇ. ಆದರೆ ಗೋಡೆಗೆ ಗಿಲಾವು ಬೇಡ, ಬಣ್ಣ ಬೇಡ, ಮಣ್ಣಿನ ಬಣ್ಣವೇ ಚಂದ ಎಂದಾಗ ನನ್ನ ಉಸಿರು ಸ್ವಲ್ಪ ನಿಂತಿತು.

ನಾನು ರಾಮದುರ್ಗದ ಅಜ್ಜಿಯ ಮನೆಯಲ್ಲಿ ಆಡಿ ಬೆಳೆದವಳು. ಅದು ಮಣ್ಣಿನ ಮಾಳಿಗೆಯ ಮನೆ. ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯಲ್ಲಿ ನಾನು ಕಾಲು ಚಾಚಿ ಮಲಗುತ್ತಿದ್ದೆ. ಬೇಸಿಗೆಯಲ್ಲಿ ಒಳಗೆ ಬಾವಿಯ ತಂಪು. ಆದರೆ ಮಾಳಿಗೆಯ ಮೇಲೆ ಬೆಕ್ಕು ಓಡಿದರೂ ಚಿಟಿಕೆ ಮಣ್ಣು ಉದುರಿ ಹಾಲಿಗೆ ಬೀಳುತ್ತಿತ್ತು. ಅಲ್ಲಿಂದ ನನ್ನನ್ನು ಬೆಳಗಾವಿಯ ಕಾನ್ವೆಂಟಿಗೆ ಹಾಕಿದರು. ಚಿತ್ರಕಲೆಯ ತರಗತಿಯಲ್ಲಿ "ನಿಮ್ಮ ಮನೆ ಬರೆಯಿರಿ" ಎಂದರೆ ನಾವೆಲ್ಲ ಹುಡುಗಿಯರು ಒಂದೇ ಮನೆ ಬರೆಯುತ್ತಿದ್ದೆವು: ಇಳಿಜಾರು ಕೆಂಪು ಹೆಂಚು, ಹೊಗೆ ಹೋಗಲು ಒಂದು ಉದ್ದ ಕೊಳವೆ, ಅದರಿಂದ ಸುರುಳಿ ಸುರುಳಿ ಹೊಗೆ, ಹಿಂದೆ ಮೊನಚು ಗುಡ್ಡ, ಗುಡ್ಡದ ತಲೆಯ ಮೇಲೆ ಬಿಳಿ ಹಿಮ. ರಾಮದುರ್ಗದಲ್ಲಿ ಹಿಮ! ನಾನಂತೂ ಬಾಗಿಲಲ್ಲಿ ಒಂದು ಬಾತುಕೋಳಿಯನ್ನೂ ನಿಲ್ಲಿಸಿದ್ದೆ. ಸಿಸ್ಟರ್ ನನ್ನ ಹಾಳೆಗೆ ಚಿನ್ನದ ನಕ್ಷತ್ರ ಅಂಟಿಸಿದ್ದರು. ಮಾಳಿಗೆ ಮನೆಯನ್ನು ಬರೆಯಬೇಕೆಂದು ನಮಗೆ ಯಾರಿಗೂ ಹೊಳೆಯಲೇ ಇಲ್ಲ. ಅದು ಚಿತ್ರಕ್ಕೆ ಬರುವಂಥ ಮನೆ ಅಂತಲೇ ಗೊತ್ತಿರಲಿಲ್ಲ.

ಹಾಗಿದ್ದವಳು ನಡುವಯಸ್ಸಿನಲ್ಲಿ ಮತ್ತೆ ಮಣ್ಣಿನ ಗೋಡೆಯೊಳಗೆ ಬಂದೆ. ಮನೆಯೇನೋ ಮೊದಲ ಬೇಸಿಗೆಗೇ ತನ್ನ ಗುಣ ತೋರಿಸಿತು. ಹೊರಗೆ ಹೆಂಚು ಕಾದಂತೆ ಬಿಸಿಲಿದ್ದರೂ ಒಳಗೆ ಫ್ಯಾನು ನಿಧಾನಕ್ಕೆ ತಿರುಗಿದರೆ ಸಾಕು. ಆದರೆ ನೆಂಟರು ಬಂದರೆ ನನಗೆ ಮೈಯೆಲ್ಲ ಮುಳ್ಳು. ಸವದತ್ತಿಯ ನಮ್ಮ ದೊಡ್ಡವ್ವ ಗೃಹಪ್ರವೇಶದ ದಿನ ಊಟ ಮಾಡಿ, ಕೈತೊಳೆದು, ಗೋಡೆಯನ್ನು ಒಮ್ಮೆ ಸವರಿ, "ಇರ್ಲಿ ಬಿಡ ತಂಗಿ, ಎಲ್ಲಾ ಒಮ್ಮೆಲೇ ಆಗೂದಿಲ್ಲ. ಮುಂದಿನ ಸುಗ್ಗಿಗೆ ಗಿಲಾವು ಮಾಡ್ಸಿದ್ರಾತು" ಎಂದು ಸಮಾಧಾನ ಮಾಡಿ ಹೋದಳು. ನಾನು "ಇದು ಹಿಂಗ ಇರೂದ ಅದ ದೊಡ್ಡವ್ವ" ಎನ್ನಲಿಲ್ಲ. "ಹೂಂ" ಎಂದೆ.

ಇನ್ನು ಕಟ್ಟೆ. ಮನೆಯ ಮುಂದೆ, ರಸ್ತೆಯ ಅಂಚಿಗೆ, ಗೋಡೆಗೆ ಹತ್ತಿದಂತೆ ಪಲ್ಲವಿ ಒಂದು ಉದ್ದದ ಕಲ್ಲಿನ ಕಟ್ಟೆ ಮಾಡಿಸಿದ್ದಾಳೆ. ಮುಂದೆ ಕಂಪೌಂಡಿನ ಗೋಡೆ ಕಟ್ಟಗೊಡಲಿಲ್ಲ. ನಮ್ಮದು ಪೂರ್ವದ ಬಾಗಿಲು. ಮಧ್ಯಾಹ್ನ ಇಳಿಯತೊಡಗಿದಂತೆ ಮನೆಯ ನೆರಳು ತಾನಾಗಿ ಹೊರಗೆ ಬಂದು ಕಟ್ಟೆಯ ಮೇಲೆ ಕೂಡುತ್ತದೆ, ಆಮೇಲೆ ಮೆಲ್ಲಗೆ ರಸ್ತೆಗೆ ಇಳಿಯುತ್ತದೆ. "ಓಣಿಯೊಳಗ ನೆಳ್ಳ ಎಲ್ಲಿ ಬೀಳತೈತೋ ಅಲ್ಲಿ ಕಟ್ಟಿ ಇರಬೇಕ ಮಾಮಿ. ನೆಳ್ಳ ನಮ್ಮ ಮನೀದಾದ್ರೂ ಬೀಳೂದು ಹೊರಗಲ್ಲಾ?" ಎಂದಿದ್ದಳು. ಮಾತು ಎಷ್ಟು ಚೆನ್ನಾಗಿದೆ ಎಂದು ನಾನು ತಂಗಿಗೆ ಫೋನಿನಲ್ಲಿ ಹೇಳಿಯೂ ಇದ್ದೆ.

ರಸ್ತೆಯ ಆಚೆ ಕಸ್ತೂರೆವ್ವನ ಮನೆ. ಅವರದು ಪಶ್ಚಿಮದ ಬಾಗಿಲು, ಮೇಲೆ ತಗಡು. ನಮ್ಮ ಕಟ್ಟೆಗೆ ನೆರಳು ಬರುವ ಹೊತ್ತಿಗೆ ಸರಿಯಾಗಿ ಅವರ ಬಾಗಿಲಿಗೆ ಬಿಸಿಲು ಬರುತ್ತದೆ, ಮುಳುಗುವತನಕ ಹೋಗುವುದಿಲ್ಲ. ಬಾಗಿಲ ಮೇಲೆ ಬುದ್ಧನ ಒಂದು ಪಟ. ಮಗ ಕಿತ್ತೂರಿನ ಕಡೆ ಜೆಸಿಬಿ ಓಡಿಸುತ್ತಾನೆ. ಸೊಸೆ ಸುಜಾತಾ ಮನೆಯಲ್ಲೇ ಜಂಪರು ಹೊಲಿಯುತ್ತಾಳೆ. ನಾವು ಬಂದ ಹೊಸದರಲ್ಲಿ ಒಂದು ಸಂಜೆ ಕಸ್ತೂರೆವ್ವ ಬಂದು ಕಟ್ಟೆಯ ತುದಿಗೆ ಕುಂತಳು. ಮರುದಿನ ಸೊಸೆಯೂ ಬಂದಳು, ಕೈಯಲ್ಲಿ ಹುಕ್ಕು ಹಚ್ಚುವ ಜಂಪರು. ಅದರ ಮರುದಿನ ಓಣಿಯ ಇನ್ನಿಬ್ಬರು. ನಕ್ಷೆಯಲ್ಲಿ ಪಲ್ಲವಿ ಬರೆದಿದ್ದ ಸಣ್ಣ ಸಣ್ಣ ಮನುಷ್ಯರಿಗೆ ಜೀವ ಬಂದಂತಾಯಿತು.

ತೊಂದರೆ ಶುರುವಾದದ್ದು ಜಾಲಂದ್ರದಿಂದ. ಗಾಳಿ ಒಳಗೆ ಬರುವ ದಾರಿಯಲ್ಲೇ ಮಾತೂ ಬರುತ್ತದೆ ಎಂಬುದನ್ನು ಪಲ್ಲವಿಯ ಕಾಲೇಜಿನಲ್ಲಿ ಯಾರೂ ಕಲಿಸಿರಲಿಕ್ಕಿಲ್ಲ. ಬಂದದ್ದು ಹೋಗುತ್ತದೆ ಕೂಡ. ಒಂದು ಸಂಜೆ ನಮ್ಮವರು ಸಕ್ಕರೆ ಕಾಯಿಲೆಯ ಗುಳಿಗೆ ತಪ್ಪಿಸಿದ್ದಾರೆಂದು ನಾನು ಪಡಸಾಲೆಯಲ್ಲಿ ನಿಂತು ಗದರುತ್ತಿದ್ದೆ. ಗೋಡೆಯೊಳಗಿಂದ ಕಸ್ತೂರೆವ್ವನ ದನಿ ಬಂತು: "ಸಾವಕಾರ್ಗೆ ಮೆಂತೆಕಾಳ ನೆನಿಹಾಕಿ ಕೊಡ್ರಿ ಅಕ್ಕಾರ. ನಮ್ಮ ತಮ್ಮಗ ಬಾಳ ಗುಣಾ ಬಿತ್ತು." ನಮ್ಮವರು ಬಿದ್ದು ಬಿದ್ದು ನಕ್ಕರು. ಮೆಂತೆ ನೆನೆಹಾಕಿಸಿಕೊಂಡು ಕುಡಿದರು ಕೂಡ. ನನಗೆ ಮಾತ್ರ ಬಟ್ಟೆ ಬದಲಿಸುವಾಗ ಯಾರೋ ಕದ ತೆರೆದ ಹಾಗಾಯಿತು. ಕಾನ್ವೆಂಟಿನಲ್ಲಿ ನಮಗೆ ಮೆಟ್ಟಿಲ ಮೇಲೆ ಕೂಡುವುದು, ದಾರಿಯಲ್ಲಿ ನಿಂತು ಮಾತಾಡುವುದು, ಜೋರಾಗಿ ನಗುವುದು, ಮೂರೂ ಒಂದೇ ತಪ್ಪು. ಮೂರಕ್ಕೂ ಕೈಚಾಚಿ ಒಂದೇ ಏಟು. ಕಸ್ತೂರೆವ್ವ ಈ ಮೂರನ್ನೂ ದಿನಾಲೂ ನಮ್ಮ ಕಟ್ಟೆಯ ಮೇಲೆ ಒಟ್ಟಿಗೆ ಮಾಡುತ್ತಿದ್ದಳು.

ಅದನ್ನೂ ಸಹಿಸಿಕೊಳ್ಳುತ್ತಿದ್ದೆನೋ ಏನೋ. ಆದರೆ ಒಂದು ಸಂಜೆ ಒಳಗೆ ಅಕ್ಕಿ ಆರಿಸುತ್ತ ಕೂತಿದ್ದಾಗ ಸುಜಾತಾಳ ಮಾತು ಕಿವಿಗೆ ಬಿತ್ತು.

"ಗ್ವಾಡಿ ಹಂಗ ಬಿಟ್ಟಾರ ನೋಡ್ರಿ ಅತ್ತಿ. ಮಳಿಗಾಲ ಬಂದ್ರ ಹೆಂಗೋ ಏನೋ."

"ಪಾಪ, ಕೈ ಸೋತಿರಬೇಕು," ಎಂದಳು ಕಸ್ತೂರೆವ್ವ. "ದೊಡ್ಡ ಮಂದಿ, ಹೇಳ್ಕೊಳ್ಳಾಕ ನಾಚ್ಕಿ ಇರತೈತಿ. ನಿನ್ನ ಗಂಡಗ ಹೇಳು, ಅವ್ನ ದೋಸ್ತ ಗೌಂಡಿ ಅದಾನಲ್ಲ, ಸೂಟಿ ಇದ್ದಾಗ ಬಂದು ಮಾರಿ ಕಡೀದರೆ ಗಿಲಾವು ಮಾಡಿ ಕೊಡ್ಲಿ. ಓಣ್ಯಾಗ ಇರೂರು ನಾವು, ನೋಡ್ಕೊತ ಕುಂದ್ರಾಕಾಗತೈತೇನ?"

ಕುಹಕ ಒಂದಿಷ್ಟೂ ಇರಲಿಲ್ಲ. ಕುಹಕವಿದ್ದಿದ್ದರೆ ನಾನು ಸೆಟೆದು ಕೂಡುತ್ತಿದ್ದೆ. ತಗಡಿನ ಮನೆಯವರು ನಮ್ಮ ಮನೆಯ ಮೇಲೆ ಮರುಗುತ್ತಿದ್ದರು. ನನಗೆ ಅಕ್ಕಿಯೊಳಗಿನ ಹರಳು ಕಾಣಿಸದಾಯಿತು.

ಮರುದಿನ ನೆರಳು ಕಟ್ಟೆಗೆ ಬರುವ ಹೊತ್ತಿಗೆ ನಾನು ಪೈಪು ಹಿಡಿದು ಹೊರಗೆ ಬಂದೆ. ಧೂಳು ಬಹಳ ಕುಂತಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಆ ದಿನ ನಿಜವಾಗಿಯೂ ಧೂಳಿತ್ತು, ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಹಗಲೆಲ್ಲ ಓಡಾಡಿದ್ದವು. ಕಟ್ಟೆಯನ್ನು ಈ ತುದಿಯಿಂದ ಆ ತುದಿಗೆ ತೊಳೆದೆ. ಕಸ್ತೂರೆವ್ವ ಬಂದಳು, ಹಸಿ ಕಲ್ಲು ನೋಡಿದಳು, "ತೊಳ್ಯಾಕತ್ತೀರೇನ್ರಿ, ತೊಳೀರಿ ತೊಳೀರಿ" ಎಂದು ತಿರುಗಿ ಹೋದಳು. ಮರುದಿನವೂ ಧೂಳಿತ್ತು. ಅದರ ಮರುದಿನ ಅಷ್ಟಾಗಿ ಇರಲಿಲ್ಲ, ಆದರೂ ತೊಳೆದೆ. ಯಾರನ್ನೂ "ಏಳಿ" ಎನ್ನಬೇಕಾಗಲಿಲ್ಲ, ಯಾರೊಂದಿಗೂ ಮುಖ ಕೆಡಿಸಿಕೊಳ್ಳಬೇಕಾಗಲಿಲ್ಲ. ಸ್ವಚ್ಛ ಮಾಡುವ ಹೆಂಗಸಿಗೆ ಯಾರು ಏನನ್ನಬೇಕು? ಹೀಗೆ ಅದು ನನ್ನ ದಿನಚರಿಯೇ ಆಯಿತು. ಆಚೆ ಹೆಂಗಸರು ನಳದ ನೀರಿಗೆ ಕೊಡ ಸಾಲುಗಟ್ಟಿಟ್ಟು ಕಾಯುತ್ತಿದ್ದರೆ ಈಚೆ ನಾನು ಟಾಕಿಯಲ್ಲಿ ಕೂಡಿಟ್ಟ ಮಳೆಯನ್ನು ಕಲ್ಲಿಗೆ ಹೊಯ್ಯುತ್ತಿದ್ದೆ. ಅವರು ತಮ್ಮ ಮನೆಯ ಮಗ್ಗುಲಲ್ಲಿ, ಗಟಾರದ ಪಕ್ಕದ ಗೇಣಗಲದ ನೆರಳಿನಲ್ಲಿ ಗೋಡೆಗೆ ಬೆನ್ನು ಒತ್ತಿ ಕೂಡತೊಡಗಿದರು. ನನ್ನ ಮನೆಗೆ ಶಾಂತಿ ಬಂತು. ಆ ಶಾಂತಿಯಲ್ಲಿ ನಾನು ಧಾರಾವಾಹಿ ನೋಡುತ್ತಿದ್ದೆ.

ಇದು ಹೀಗಿರುವಾಗಲೇ ಪಲ್ಲವಿ ಫೋನು ಮಾಡಿದ್ದಳು. ತನ್ನ ವಿದ್ಯಾರ್ಥಿಗಳನ್ನು ಮನೆ ತೋರಿಸಲು ಕರೆತರುತ್ತೇನೆ ಎಂದು. "ಮಾಮಿ, ಮುಖ್ಯ ಅಂದ್ರ ಆ ಕಟ್ಟಿ. ಸಂಜಿಗೆ ಮಂದಿ ಬಂದು ಕುಂದರ್ತಾರಲ್ಲ, ಅದನ್ನ ಹುಡುಗುರು ನೋಡಬೇಕ. ಕುಂದರ್ತಾರ ಹೌದಿಲ್ಲೊ?"

ನಾನು ಏನೆಂದೆನೆಂದು ನೀವೇ ಊಹಿಸಿ. "ಅಯ್ಯ, ದಿನಾ ಕುಂದರ್ತಾರ" ಎಂದೆ.

ಆದ್ದರಿಂದ ಆ ಮಧ್ಯಾಹ್ನ ಊಟವಾದ ಮೇಲೆ, ಮಂಚದ ಕೆಳಗೆ ಪೈಪು ಇದೆಯೇ ಎಂದು ಇನ್ನೊಮ್ಮೆ ಬಗ್ಗಿ ನೋಡಿ, ಸೆರಗು ಸರಿಮಾಡಿಕೊಂಡು ರಸ್ತೆ ದಾಟಿದೆ. ಅಷ್ಟು ಹತ್ತಿರದ ಮನೆ. ಅದರ ಹೊಸ್ತಿಲನ್ನು ನಾನು ಅಂದಿನವರೆಗೆ ತುಳಿದಿರಲಿಲ್ಲ. ಒಳಗೆ ಕಾಲಿಟ್ಟ ಕೂಡಲೇ ತಗಡಿನ ಕಾವು ನೆತ್ತಿಗೆ ಬಡಿಯಿತು, ಒಲೆಯ ಮೇಲೆ ಬಗ್ಗಿದ ಹಾಗೆ. ಸುಜಾತಾ ಹೊಲಿಗೆ ಯಂತ್ರದ ಮುಂದೆ ಒದ್ದೆ ಟವೆಲು ಹೆಗಲ ಮೇಲೆ ಹಾಕಿಕೊಂಡು ಕೂತಿದ್ದಳು. ಯಂತ್ರದ ಸೂಜಿಯ ಹತ್ತಿರ ಬಟ್ಟೆಗೆ ಬೆವರು ಹನಿಯದಂತೆ ಆಗಾಗ ಹಣೆ ಒರೆಸಿಕೊಳ್ಳುತ್ತಿದ್ದಳು. ಕಸ್ತೂರೆವ್ವ ನೆಲಕ್ಕೆ ನೀರು ಚಿಮುಕಿಸಿ, ಅದರ ಮೇಲೆ ಗೋಣಿ ಹಾಸಿ ಮಲಗಿದ್ದವಳು ಎದ್ದು ಕುಂತಳು.

"ಬರ್ರಿ ಅಕ್ಕಾರ, ಬರ್ರಿ. ಸುಜಾತಾ, ಖುರ್ಚಿ ಹಾಕ."

ನಾನು ನಿಂತೇ ಹೇಳಿದೆ. ನಮ್ಮ ಸೊಸೆ ಬರುತ್ತಾಳೆ, ಜೊತೆಗೆ ಕಾಲೇಜಿನ ಹುಡುಗರು, ಮನೆಯ ಫೋಟೋ ತೆಗೆಯುತ್ತಾರೆ, ನೀವು ಸ್ವಲ್ಪ ಕಟ್ಟೆಯ ಮೇಲೆ ಬಂದು ಕೂತರೆ... ಹೇಳುತ್ತ ಹೇಳುತ್ತ ನನ್ನ ದನಿ ಸಣ್ಣದಾಯಿತು. ಮದುವೆಯ ಮನೆಗೆ ಬಾಜಾದವರನ್ನು ಕರೆದ ಹಾಗಿತ್ತು ನನ್ನ ಕರೆಯುವಿಕೆ.

"ಫೋಟೋ ತೆಗೀತಾರೇನ್ರಿ?" ಕಸ್ತೂರೆವ್ವನ ಮುಖ ಅರಳಿತು. "ಹಂಗಾದ್ರ ಈ ಹರಕ ಸೀರಿ ಮ್ಯಾಲೆ ಬರಾಕಾಗೂದಿಲ್ಲ. ಸುಜಾತಾ, ನಂದು ಆ ಹಸರಂದ ತಗಿ."

"ನಿಮಗ ಪೌಡರೂ ಹಚ್ಚಬೇಕೇನ್ರಿ ಅತ್ತಿ?" ಸೊಸೆ ಚೇಷ್ಟೆ ಮಾಡಿದಳು.

"ಹಚ್ಚ. ನಾ ಏನ್ ನಿನಗಿಂತ ಕಡಿಮಿ ಅದೀನೇನ?"

ಒಬ್ಬರೂ "ಇಷ್ಟು ದಿನ ಎಲ್ಲಿತ್ತು ನಿಮ್ಮ ಕಟ್ಟೆ?" ಎಂದು ಕೇಳಲಿಲ್ಲ. ಕೇಳಿದ್ದರೆ ನನಗೆ ಎಷ್ಟು ಹಗುರವಾಗುತ್ತಿತ್ತು.

ಹುಡುಗರು ಬಂದರು. ಹೆಗಲಿಗೆ ಚೀಲ, ಕೈಯಲ್ಲಿ ಅಳತೆಯ ಟೇಪು, ಎಲ್ಲರ ಕಾಲಲ್ಲೂ ಒಂದೇ ನಮೂನೆಯ ಬೂಟು. ನಾನು ಮುಚ್ಚಿಡಲು ನೋಡುವ ಗೋಡೆಯನ್ನು ಅವರು ಕೈಯಿಂದ ಸವರಿ ಸವರಿ ನೋಡಿದರು. ಬೆಳಕಿಂಡಿಯ ಕೆಳಗೆ ನಿಂತು ಅಂಗೈ ಚಾಚಿ ಬಿಸಿಲು ಹಿಡಿದರು. ಪಲ್ಲವಿ ತನ್ನ ಕೂಸನ್ನು ತೋರಿಸುವಂತೆ ಒಂದೊಂದು ಮೂಲೆಯನ್ನೂ ತೋರಿಸಿದಳು. ಹೊರಗೆ ಕಟ್ಟೆಯ ಮೇಲೆ ಕಸ್ತೂರೆವ್ವ, ಸುಜಾತಾ, ಓಣಿಯ ಆ ಇಬ್ಬರು ಸಾಲಾಗಿ, ಬೆನ್ನು ನೆಟ್ಟಗೆ, ಕೈ ತೊಡೆಯ ಮೇಲೆ ಇಟ್ಟು, ಶಾಲೆಯ ವಾರ್ಷಿಕ ಫೋಟೋಕ್ಕೆ ಕೂತವರಂತೆ ಕೂತಿದ್ದರು. ಪೌಡರು ಹಚ್ಚಿಯೇ ಬಂದಿದ್ದರು.

"ಅಜ್ಜಿ, ದಿನಾ ಹೆಂಗ್ ಕುಂದರ್ತೀರಿ ಹಂಗ ಕುಂದರ್ರಿ," ಎಂದ ಕ್ಯಾಮೆರಾದ ಹುಡುಗ.

ಕಸ್ತೂರೆವ್ವ ನನ್ನ ಮುಖ ನೋಡಿದಳು. ನಾನು ಹೂವಿನ ಗಿಡದ ಒಣಗಿದ ಎಲೆ ಕೀಳತೊಡಗಿದೆ. "ದಿನಾ ಹಿಂಗ ಕುಂದರ್ತೇವಪಾ," ಎಂದು ಅವಳು ಕಾಲು ಮೇಲೆತ್ತಿ ಚಕ್ಕಳಮಕ್ಕಳ ಹಾಕಿದಳು.

ನಾನು ಚಹಾ ತಂದೆ. ಎಲ್ಲರಿಗೂ ಒಂದೇ ಸೆಟ್ಟಿನ ಹೊಸ ಕಪ್ಪುಗಳಲ್ಲೇ ಕೊಟ್ಟೆ, ಹುಡುಗರಿಗೂ ಅವರಿಗೂ. ಕೊಡುವಾಗ ಆ ವಿಷಯ ನನ್ನ ಮನಸ್ಸಿಗೆ ಬಂತು. ನಾನು ಎಷ್ಟು ಒಳ್ಳೆಯವಳು ಎಂದು ಒಂದು ಗಳಿಗೆ ಹಿಗ್ಗೂ ಆಯಿತು. ಆ ಹಿಗ್ಗನ್ನು ಈಗ ನೆನೆಸಿಕೊಂಡರೆ ಕಪ್ಪಿನ ಜೊತೆ ನೆಲಕ್ಕಿಳಿಯಬೇಕು ಅನ್ನಿಸುತ್ತದೆ.

ಅಷ್ಟರಲ್ಲಿ ಕನ್ನಡಕದ ಒಬ್ಬ ಹುಡುಗಿ ಕಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕುಂತು, ಕಲ್ಲುಗಳ ಸಂದಿಯನ್ನು ಉಗುರಿನಿಂದ ಕೆರೆದು ನೋಡಿದಳು.

"ಮ್ಯಾಮ್, ಇಲ್ಲಿ ಪಾಚಿ ಐತಿ."

"ಪಾಚಿ? ಈ ಬಿಸಲಾಗ?" ಪಲ್ಲವಿ ಬಗ್ಗಿದಳು. ನಿಜ. ಕಲ್ಲಿನ ಸಂದಿಗಳಲ್ಲೆಲ್ಲ ಹಸಿರು ಗೆರೆ, ಮಖಮಲ್ಲಿನ ಅಂಚಿನಂತೆ. ಬೈಲಹೊಂಗಲದ ಆ ಬಿಸಿಲಿನಲ್ಲಿ ಹಸಿರು ಇದ್ದದ್ದು ಅದೊಂದೇ ಇರಬೇಕು. ಇಷ್ಟು ಸಣ್ಣ ಸಣ್ಣದನ್ನೆಲ್ಲ ಕಾಣುವ ನನ್ನ ಕಣ್ಣಿಗೆ ಅದು ಕಂಡಿರಲಿಲ್ಲ.

ಪಲ್ಲವಿಯ ಮುಖದಿಂದ ಮೆಲ್ಲಗೆ ನಗು ಇಳಿಯಿತು. ಮಳೆನೀರಿನ ಕೊಳವೆ ಆ ಗೋಡೆಯಲ್ಲೇ ಇಳಿಯುತ್ತದೆ. ಅವಳು ಅದಕ್ಕೆ ಕಿವಿಯಿಟ್ಟಳು, ಗೋಡೆಯ ಬುಡ ಮುಟ್ಟಿದಳು, ಕೈ ಮೂಸಿದಳು. "ಟಾಕಿ ಎಲ್ಲೋ ಸೋರಾಕತ್ತೈತಿ," ಎಂದಳು ವಿದ್ಯಾರ್ಥಿಗಳಿಗೆ. "ಇದು ನನ್ನ ತಪ್ಪು. ಮಣ್ಣಿನ ಗೋಡಿ, ಬುಡಕ್ಕ ತೇವ ಹತ್ತಿದ್ರ ಮುಗೀತು. ಬರ್ಕೋರಿ, ಹಿಂಗ ಮಾಡಬಾರ್ದು ಅಂತ." ನನ್ನ ಕಡೆ ತಿರುಗಿ, "ಮಾಮಿ, ಸಾರಿ. ಒಡದು ಮತ್ತ ಮಾಡಸಬೇಕಾಗತೈತಿ" ಎಂದಳು. ತನ್ನ ಹುಡುಗರ ಮುಂದೆ.

ನಾನು ಒಂದೇ ಮಾತು ಹೇಳಿದ್ದರೆ ಆಗುತ್ತಿತ್ತು. ಇಂಗ್ಲಿಷಿನಲ್ಲಾದರೂ ಹೇಳಬಹುದಿತ್ತು, ಅಷ್ಟು ಓದಿಸಿದ್ದಾರೆ. ಆದರೆ ಹೇಳಿದರೆ, ಯಾಕೆ ತೊಳೆಯುತ್ತೀರಿ ಎಂಬ ಪ್ರಶ್ನೆ ಬರುತ್ತದೆ. ನಾನು ಚಹಾದ ತಟ್ಟೆ ಹಿಡಿದು ನಿಂತೆ.

"ಅಯ್ಯ, ಅದು ಸೋರೂದಲ್ಲ ತಗೀರಿ," ಎಂದಳು ಕಸ್ತೂರೆವ್ವ, ಚಹಾದ ಕೊನೆಯ ಗುಟುಕು ಹೀರುತ್ತ. "ಅಕ್ಕಾರು ದಿನಾ ಸಂಜಿಗೆ ಇದಕ್ಕ ನೀರ ಹೊಡೀತಾರ. ಹಗಲೆಲ್ಲಾ ಕಲ್ಲ ಕಾದಿರತೈತಲ್ರಿ. ನಾವು ಕುಂದ್ರೂ ಹೊತ್ತಿಗೆ ತಂಪಾಗ್ಲಿ ಅಂತ."

ಹುಡುಗರೆಲ್ಲ ನನ್ನ ಕಡೆ ನೋಡಿದರು. ಒಬ್ಬಳು "ಎಷ್ಟ್ ಒಳ್ಳೇವ್ರು ಆಂಟಿ ನೀವು" ಎಂದಳು. ಪಲ್ಲವಿ ಎದ್ದು ಬಂದು ನನ್ನ ಹೆಗಲು ತಬ್ಬಿಕೊಂಡಳು. "ನೋಡಿದ್ರಿ? ನಾ ನಕ್ಷಾದಾಗ ಬರೀ ಕಟ್ಟಿ ಹಾಕಿದ್ದೆ. ಅದನ್ನ ಹೆಂಗ ಬಳಸಬೇಕು ಅನ್ನೂದು ಮನಿಯವರು ಕಲಿಸ್ತಾರ." ಹುಡುಗಿ ಅದನ್ನೂ ಬರೆದುಕೊಂಡಳು. ನಾನು ನಕ್ಕೆನೆಂದು ಕಾಣುತ್ತದೆ. ಯಾರೋ ಅದರ ಫೋಟೋವನ್ನೂ ತೆಗೆದರು.

ಕಸ್ತೂರೆವ್ವ ನಿಜವಾಗಿ ಹಾಗೆಂದುಕೊಂಡಿದ್ದಳೋ, ನನ್ನ ಮಾನ ಕಾಯ್ದಳೋ ಎಂದು ಅವಳ ಮುಖ ನೋಡಿ ತಿಳಿಯಲು ಹವಣಿಸಿದೆ. ಅವಳು ಕಪ್ಪಿನ ತಳದಲ್ಲಿ ಉಳಿದ ಸಕ್ಕರೆಯನ್ನು ಬೆರಳಿನಿಂದ ತೆಗೆಯುತ್ತಿದ್ದಳು.

ಹೊರಡುವಾಗ ಪಲ್ಲವಿ ಬಸ್ಸಿನ ಮೆಟ್ಟಿಲಲ್ಲಿ ನಿಂತು ಕೇಳಿದಳು, ಕೆಲಸದ ಮಾತಿನ ಹಾಗೆ: "ಮಾಮಿ, ಅವ್ರು ಬರೂಕಿಂತ ಎಷ್ಟ ಮದಲ ಹಾಕ್ತಿ ನೀರು? ಆರಾಕ ಹೊತ್ತು ಹಿಡಿಯತೈತಲ್ಲ. ಹಸೀ ಕಲ್ಲಿನ ಮ್ಯಾಲೆ ಹೆಂಗ್ ಕುಂದರ್ತಾರ?"

"ಮದಲ... ಸ್ವಲ್ಪ ಮದಲ," ಎಂದೆ.

ಅವಳು ನನ್ನನ್ನು ನೋಡಿದಳು. ಆಮೇಲೆ ಆಚೆ ಬದಿ, ಗಟಾರದ ಪಕ್ಕದಲ್ಲಿ ಗೋಡೆಗೆ ಒರಗಿಸಿಟ್ಟಿದ್ದ ಗೋಣಿತಟ್ಟುಗಳನ್ನು ನೋಡಿದಳು. "ಬರ್ತೇನಿ ಮಾಮಿ" ಎಂದಳು. ಬಸ್ಸು ಹೋಯಿತು.

ಒಳಗೆ ಬಂದು ಕಪ್ಪು ತೊಳೆಯುವಾಗ ರಾಮದುರ್ಗದ ಅಜ್ಜಿ ಕಣ್ಣ ಮುಂದೆ ಬಂದಳು. ಅವಳ ಮನೆಯ ಮುಂದೆಯೂ ಕಟ್ಟೆಯಿತ್ತು. ಹೊಲದ ಆಳುಗಳು, ಹಗ್ಗ ತಂದವರು, ಬುಟ್ಟಿ ಮಾರುವವರು ಬಂದು ಅಲ್ಲಿ ಕೂತು, ಮಾತಾಡಿ, ಅಜ್ಜಿ ಮೇಲಿನಿಂದ ಹಾಕಿದ ರೊಟ್ಟಿ ತಿಂದು ಹೋಗುತ್ತಿದ್ದರು. ಅವರಲ್ಲಿ ಕೆಲವರು ಹೋದ ಮೇಲೆ ಅಜ್ಜಿ ತಂಬಿಗೆ ತಂದು, ಅವರು ಕೂತ ಜಾಗಕ್ಕೆ ನೀರು ಚಿಮುಕಿಸುತ್ತಿದ್ದಳು. ಎಲ್ಲರೂ ಹೋದ ಮೇಲೆ ಅಲ್ಲ, ಕೆಲವರು. ಸಿಟ್ಟಿಲ್ಲ, ಬೈಗುಳವಿಲ್ಲ, ತುಳಸಿಗೆ ನೀರು ಹಾಕುವಷ್ಟೇ ಸಹಜವಾಗಿ. ನಾನು ಅದನ್ನು ಧೂಳಿಗೆ ಎಂದುಕೊಂಡಿದ್ದೆ. ಕಾನ್ವೆಂಟಿನಲ್ಲಿ ದೇವರ ಮುಂದೆ ಎಲ್ಲರೂ ಸಮಾನರು ಎಂದು ಭಾಷಣ ಮಾಡಿ ಬಹುಮಾನ ತಂದಾಗ ಅದೇ ಕಟ್ಟೆಯ ಮೇಲೆ ನಿಂತು ಅಜ್ಜಿಗೆ ಅದನ್ನು ಒಪ್ಪಿಸಿದ್ದೂ ಇದೆ.

ನಾನು ನೀರು ಹಾಕುತ್ತಿದ್ದದ್ದು ಯಾರ ಜಾತಿಗೂ ಅಲ್ಲ, ನನ್ನ ಗೋಡೆಯ ನಾಚಿಕೆಗೆ. ಇದು ದೇವರಾಣೆ ನಿಜ. ಆದರೆ ರಸ್ತೆಯ ಆಚೆ ಕೂತು ನೋಡುವವರಿಗೆ ನನ್ನ ಎದೆಯೊಳಗಿನದು ಹೇಗೆ ಕಾಣಬೇಕು? ಅವರಿಗೆ ಕಾಣುವುದು ನೀರು. ಆ ನೀರನ್ನು ಅವರು ನನಗಿಂತ ಮೊದಲಿನಿಂದ ಬಲ್ಲರು. ಅವರ ಅವ್ವಂದಿರು ಬಲ್ಲರು. ಅಜ್ಜಿ, ಅವರು ಎದ್ದುಹೋದ ಮೇಲೆ ಹಾಕುತ್ತಿದ್ದಳು. ನಾನು, ಅವರು ಬರುವ ಮೊದಲೇ ಹಾಕುತ್ತಿದ್ದೆ. ಅಷ್ಟೇ ನಾನು ಮಾಡಿದ ಸುಧಾರಣೆ.

ಕೈಯಲ್ಲಿದ್ದ ಕಪ್ಪನ್ನು ಎಷ್ಟು ಹೊತ್ತಿನಿಂದ ತೊಳೆಯುತ್ತಿದ್ದೆನೋ. ನಳ ಬಂದ್ ಮಾಡಿದೆ.

ನೆರಳು ಕಟ್ಟೆ ದಾಟಿ ರಸ್ತೆಗೆ ಇಳಿಯಿತು. ನಾನು ಪೈಪು ಹಿಡಿದು ಹೊರಬರುವ ಹೊತ್ತು ದಾಟಿತ್ತು. ಪೈಪನ್ನು ತೆಗೆಯಲಿಲ್ಲ. ಜಾಲಂದ್ರದಿಂದ ಹೊರಗೆ ನೋಡಿದೆ. ಹಸಿರು ಸೀರೆ ಮಡಿಚಿಟ್ಟು, ಪೌಡರು ಒರೆಸಿಕೊಂಡು, ಅವರು ಆಚೆ ಬದಿಯಲ್ಲಿ ಗೋಣಿತಟ್ಟು ಹಾಸಿ ಕೂಡುತ್ತಿದ್ದರು. ಸುಜಾತಾ ಕಾಲನ್ನು ಬಿಸಿಲಿನಿಂದ ಒಳಗೆ ಎಳೆದುಕೊಂಡಳು. ಈಚೆ ನಮ್ಮ ಕಟ್ಟೆ ಒಣಗಿ, ಉದ್ದಕ್ಕೆ, ಖಾಲಿ ಬಿದ್ದಿತ್ತು. ಮಧ್ಯಾಹ್ನ ಕರೆದಾಗ ಪೌಡರು ಹಚ್ಚಿಕೊಂಡು ಬಂದವರು, ಕರೆಯದಿದ್ದರೆ ಬರಬಾರದು ಎಂಬುದನ್ನು ಅಷ್ಟು ಚೆನ್ನಾಗಿ ಕಲಿತುಬಿಟ್ಟಿದ್ದರು. ಕಲಿಸಿದವಳು ನಾನು.

ಬಾಗಿಲಿಗೆ ಬಂದೆ. "ಬರ್ರಿ" ಎನ್ನಬೇಕು. ಎರಡಕ್ಷರ. ಮಧ್ಯಾಹ್ನ ಕೆಲಸವಿದ್ದಾಗ ಹೇಗೋ ಬಂದದ್ದು ಈಗ ಬರಲಿಲ್ಲ. ಕೊನೆಗೆ ಒಳಗೆ ಹೋಗಿ ಮೆಂತೆಸೊಪ್ಪಿನ ಕಟ್ಟು ತಂದು, ಮೊರದಲ್ಲಿ ಹಾಕಿಕೊಂಡು, ನಾನೇ ಕಟ್ಟೆಯ ತುದಿಗೆ ಕುಂತೆ. ಮನೆ ಕಟ್ಟಿದ ಮೇಲೆ ನಾನು ಆ ಕಟ್ಟೆಯ ಮೇಲೆ ಕೂತದ್ದು ಅದೇ ಮೊದಲು. ಕಲ್ಲಿನೊಳಗೆ ಹಗಲಿನ ಬಿಸುಪು ಇನ್ನೂ ಇತ್ತು. ಗಾಳಿ ಬೆನ್ನ ಹಿಂದಿನ ಜಾಲಂದ್ರದಿಂದ ಬಂದು ಕತ್ತಿಗೆ ತಾಗುತ್ತಿತ್ತು. ಎಂಥ ಜಾಗವನ್ನು ಹಸಿ ಮಾಡಿಟ್ಟಿದ್ದೆ! ನಾನು ತಲೆಯೆತ್ತದೆ ಸೊಪ್ಪು ಬಿಡಿಸುತ್ತ ಹೋದೆ. ಎಲೆ ಮೊರದಿಂದ ಕೆಳಗೆ, ಕಡ್ಡಿ ಮೊರದೊಳಗೆ ಬೀಳುತ್ತಿದ್ದದ್ದು ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು.

ನಡುವೆ ಎದ್ದು ಅಂಗಡಿಯ ಕಡೆ ಹೋಗಿದ್ದ ಕಸ್ತೂರೆವ್ವ ಸಕ್ಕರೆಯ ಪೊಟ್ಟಣ ಸೆರಗಿನಲ್ಲಿ ಹಿಡಿದು ಹಿಂತಿರುಗುತ್ತಿದ್ದಳು. ನನ್ನ ಮುಂದೆ ಬಂದಾಗ ನಡಿಗೆ ನಿಧಾನವಾಯಿತು. ನಾನು ಸರಿದು ಜಾಗ ಮಾಡಿದೆ. ಅವಳು ನನ್ನನ್ನು ನೋಡಿದಳು, ಕಟ್ಟೆಯ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು, ಬಗ್ಗಿ ಒಣಗಿದ ಕಲ್ಲಿಗೆ ಅಂಗೈ ಇಟ್ಟು ತೆಗೆದಳು.

"ಯಾಕ್ರಿ ಅಕ್ಕಾರ," ಎಂದಳು, "ಇವತ್ತ ನೀರ ಬಂದಿಲ್ಲೇನ್ರಿ?"